ಗೋಡೆ ನೋಡುವ ಕೆಲಸ

ನಮ್ಮ ಯಜಮಾನರನ್ನು ಒಂದು ಕಡೆ ಸುಮ್ಮನೆ ಕೂರಿಸುವುದು ಆ ಮಾದಪ್ಪನೇ ಇಳಿದು ಬಂದರೂ ಆಗದ ಕೆಲಸ. ಮದುವೆ ದಿನ ಹಸೆಮಣೆಯಿಂದ ಎದ್ದು ಹೋಗಿ, ಅಡುಗೆಯವರ ಒಲೆಗೆ ಸೌದೆ ನೂಕಿ ಬಂದ ಮಹಾನುಭಾವ. ಹೆಸರು ಮಂಟಯ್ಯ. ಊರವರಿಗೆ ಬ್ಯಾರನ್ ಮಂಟಯ್ಯ. ನಮ್ಮ ಬೆಟ್ಟದಪುರದ ಕಡೆ ಹೊಗೆಸೊಪ್ಪು ಬೇಯಿಸುವ, ಎಂದರೆ ಒಲೆಯ ಕಾವಿನಲ್ಲಿ ಒಣಗಿಸಿ ಹದ ಮಾಡುವ, ಎತ್ತರದ ಕೋಣೆಗೆ ಬ್ಯಾರನ್ ಎನ್ನುತ್ತೇವೆ. ಸೊಪ್ಪು ಬೇಯುವಷ್ಟು ದಿನವೂ ಅವರ ಊಟ, ನಿದ್ದೆ, ಬೈಗುಳ ಎಲ್ಲ ಅದರ ಒಲೆಯ ಮುಂದೆಯೇ. ನಾನು ಒಂದು ಸೀಳು ಸೌದೆ ಮುಟ್ಟಿದರೂ "ಲೇ ಮಲ್ಲಾಜಿ, ನಿಂಗ್ ಗೊತ್ತಾಗಕಿಲ್ಲ, ಬುಡು" ಎಂದು ಕಿತ್ತುಕೊಳ್ಳುತ್ತಿದ್ದರು.

ಹೋದ ವರ್ಷ ಅದೇ ಒಲೆಯ ಮುಂದೆ ಎದೆ ಹಿಡಿದುಕೊಂಡು ಕುಸಿದರು. ಮೈಸೂರಿನಲ್ಲಿ ಸ್ಟೆಂಟ್ ಹಾಕಿದ ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು, "ಓಡಬಾರದು, ಗಾಬರಿ ಆಗಬಾರದು ಕಣಮ್ಮ. ಇನ್ನೊಂದು ಸಲ ಆದರೆ ಕಷ್ಟ" ಎಂದರು. ಅಯ್ಯೋ ಸ್ವಾಮಿ, ಗಾಬರಿಯಿಲ್ಲದ ಮಂಟಯ್ಯನನ್ನು ನಾನು ಯಾವ ಅಂಗಡಿಯಿಂದ ತರಲಿ?

ಕೆ.ಆರ್. ನಗರದಲ್ಲಿರುವ ಮಗಳು ರಮ್ಯಾ ಫೋನ್ ಮಾಡಿ ಹೇಳಿದಳು, ಬೆಟ್ಟದ ಕೆಳಗಿನ ಛತ್ರದಲ್ಲಿ ಝೆನ್ ಧ್ಯಾನದ ಶಿಬಿರ ಇದೆ, ಅಪ್ಪನನ್ನು ಸೇರಿಸು ಅಂತ. ಜಪಾನಿನವರ ಪದ್ಧತಿಯಂತೆ. ಗೋಡೆಗೆ ಮುಖ ಮಾಡಿ ಕೂತು, ಉಸಿರನ್ನು ಒಂದರಿಂದ ಹತ್ತರವರೆಗೆ ಎಣಿಸಬೇಕು. ನಡುವೆ ಮನಸ್ಸು ಎಲ್ಲಿಗಾದರೂ ಓಡಿದರೆ ಮತ್ತೆ ಒಂದರಿಂದ ಶುರು. ಇಬ್ಬರೂ ವಿಚಾರಿಸಲು ಹೋದಾಗ, ಕಲಿಸುವ ನೀಲಕಂಠಸ್ವಾಮಿ ಮೇಷ್ಟ್ರು, "ಮಾಡೋ ಕೆಲಸದಲ್ಲಿ ಪೂರ್ತಿ ಇರೋದನ್ನ ಕಲೀಬೇಕು ಅಷ್ಟೆ" ಎಂದರು.

"ನಾನೇನ್ ಅರ್ಧ ಇದ್ದೀನಾ?" ಎಂದು ಇವರು ನನ್ನ ಮೇಲೆ ಹಾರಾಡಿದರು. "ಸೊಪ್ಪು ಬೇಯೋ ಹೊತ್ನಲ್ಲಿ ಗೋಡೆ ನೋಡ್ಕಂಡ್ ಕೂರಕ್ಕೆ ನಂಗೇನ್ ತಲೆ ಕೆಟ್ಟದಾ?"

"ಸೊಪ್ಪು ಈ ಸಲ ನಾನ್ ಬೇಯಿಸ್ತೀನಿ. ನೀವ್ ನಿಮ್ಮ ಉಸಿರು ನೋಡ್ಕಳಿ" ಎಂದೆ. ಮಗಳ ಮೇಲೆ ಆಣೆ ಹಾಕಿಸಿದ ಮೇಲೆ ಚಾಪೆ ಸುತ್ತಿಕೊಂಡು, ಗೊಣಗುತ್ತಲೇ ಹೋದರು.

ಅವರನ್ನು ಶಾಂತಿ ಕಲಿಯಲು ಕಳಿಸಿ, ಇಲ್ಲಿ ನಾನು ಕೂತಲ್ಲಿ ಕೂರಲಾರದೆ ಸಾಯುತ್ತಿದ್ದೆ. ಸೊಪ್ಪು ಹಳದಿಗೆ ತಿರುಗುವ ಹೊತ್ತು ಬಹಳ ನಾಜೂಕು. ಬಾಗಿಲು ಮುಚ್ಚಿಯೇ ಇರಬೇಕು, ಕೆಂಡದ ಸಣ್ಣ ಕಾವು ಸಾಕು. ಬಾಗಿಲು ತೆಗೆದರೂ ಕೆಟ್ಟಿತು, ಒಲೆ ಧಗಧಗ ಉರಿಸಿದರೂ ಕೆಟ್ಟಿತು; ಎಲೆ ಹಸಿರಾಗಿಯೇ ಒಣಗಿಬಿಡುತ್ತದೆ. ಒಲೆಯಿಂದ ಗಾಜಿನ ಕಿಂಡಿಗೆ ಹೋಗಿ ಒಳಗಿನ ಥರ್ಮಾಮೀಟರ್ ನೋಡುತ್ತಿದ್ದೆ, ತಿರುಗಿ ಒಲೆಗೆ ಬರುತ್ತಿದ್ದೆ. ಅವರು ಮಾತ್ರೆ ನುಂಗಿದರೋ ಇಲ್ಲವೋ ಎಂದು ಫೋನ್ ಮಾಡಿದರೆ ಯಾರೂ ಎತ್ತುತ್ತಿರಲಿಲ್ಲ. ಶಿಬಿರದಲ್ಲಿ ಎಲ್ಲರ ಫೋನನ್ನೂ ಬೀರುವಿಗೆ ಹಾಕಿ ಬೀಗ ಜಡಿದಿದ್ದರಂತೆ. ಶಾಂತಿ ಬೇಕಾದವರಿಗೆ ಸರಿ, ಮನೆಯಲ್ಲಿರುವವರ ಗತಿ ಏನು ಎಂದು ಒಲೆಯನ್ನೇ ಬೈದೆ.

ಮಾರನೆಯ ಮಧ್ಯಾಹ್ನ ತಲೆಯೆತ್ತಿದರೆ ಕೆರೆ ಏರಿ ಮೇಲೆ ಯಾರೋ ಓಡಿ ಬರುತ್ತಿದ್ದಾರೆ. ಬಿಳಿ ಪಂಚೆ, ಬರಿಗಾಲು. ಯಾರೆಂದು ತಿಳಿಯುವ ಮೊದಲೇ ನಾನು ಒಲೆ ಬಿಟ್ಟು ಎದ್ದಿದ್ದೆ.

"ಓಡ್ಬ್ಯಾಡಿ! ನಿಂತ್ಕಳ್ರೀ! ನಡ್ಕಂಡ್ ಬನ್ನಿ!" ಎಂದು ಕಿರುಚಿದೆ.

ಎಲ್ಲಿ ನಿಲ್ಲುತ್ತಾರೆ? ಏದುಸಿರು ಬಿಡುತ್ತಾ ಬಂದವರೇ, "ಒಲೆ ಆರೋಗದೆ! ಹೊಗೇನೆ ಕಾಣ್ತಿಲ್ಲ!" ಎನ್ನುತ್ತಾ ಸೌದೆಗೆ ಕೈ ಹಾಕಿದರು. ಗೋಡೆ ನೋಡಲು ಕೂರಿಸಿದರೆ, ಪಕ್ಕದ ಕಿಟಕಿಯಿಂದ ನಮ್ಮ ಬ್ಯಾರನ್ನಿನ ಹೊಗೆಕೊಳವೆ ನೋಡುತ್ತಿದ್ದರಂತೆ! ಇವರು ಯಾವಾಗಲೂ ಹಸಿ ಸೌದೆ ತುರುಕಿ ಊರಿಗೆಲ್ಲ ಹೊಗೆ ಹಾಕುವವರು. ನಾನು ಚೆನ್ನಾಗಿ ಒಣಗಿದ್ದನ್ನು ಹಾಕಿದ್ದೆ. ಹೊಗೆ ಎಲ್ಲಿಂದ ಬರಬೇಕು?

"ಆರಿಲ್ಲ, ನೋಡಿ, ಕೆಂಡ ಅವೆ" ಎಂದು ಸೌದೆ ಕಿತ್ತುಕೊಂಡೆ. ಅವರು ಬಾಗಿಲಿಗೆ ಹೋದರು. ನಾನು ಓಡಿ ಬಾಗಿಲಿಗೆ ಬೆನ್ನು ಕೊಟ್ಟು ನಿಂತೆ.

"ಸರ್ಕಳೇ! ಒಂದ್ ಗಳಿಗೆ ಸೊಪ್ಪು ನೋಡ್ತೀನಿ."

"ಸೊಪ್ಪು ಹಸಿರಾಗ್ಲಿ, ಬೂದಿಯಾಗ್ಲಿ! ನಿಮ್ಮೆದೆ ನಿಂತೋದ್ರೆ ನಾನ್ ಯಾರ್ ಮುಖ ನೋಡ್ಲಿ?" ಎಂದುಬಿಟ್ಟೆ. ಅವರ ಮೇಲಿನ ಸಿಟ್ಟು, ಪ್ರೀತಿ, ಭಯ ಎಲ್ಲ ಒಟ್ಟಿಗೆ ಬಂದು ಅಳುವಾಯಿತು. "ಅಲ್ಲಿ ಗೋಡೆ ನೋಡಕ್ಕಾಗ್ಲಿಲ್ಲ ಅಲ್ವಾ? ಇಲ್ಲೂ ಗೋಡೆ ಅದೆ. ಕೂತ್ಕಳಿ!"

ನಾನು ಅಷ್ಟು ಜೋರು ಮಾಡಿದ್ದನ್ನು ಅವರು ಎಂದೂ ಕಂಡಿರಲಿಲ್ಲ. ಹಣೆಯ ಬೆವರು ಒರೆಸಿಕೊಂಡು, ಬ್ಯಾರನ್ನಿನ ಮಣ್ಣಿನ ಗೋಡೆಗೆ ಮುಖ ಮಾಡಿ ಕಲ್ಲಿನ ಮೇಲೆ ಕೂತರು. ನಾನು ನೀರು ಕೊಟ್ಟು, ಒಲೆಯ ಮುಂದೆ ಕುಕ್ಕರಿಸಿದೆ.

ಮೊದಮೊದಲು ಅವರ ಬೆನ್ನು ಏರಿ ಇಳಿಯುವುದು ಕಾಣುತ್ತಿತ್ತು. ಆಮೇಲೆ ನಿಧಾನವಾಯಿತು. ಆಮೇಲೆ ಕಾಣಲೇ ಇಲ್ಲ. ಆ ಮನುಷ್ಯ ಕೈ ಅಲ್ಲಾಡಿಸದೆ, ಕೆಮ್ಮದೆ, ನನ್ನನ್ನು ಬೈಯದೆ ಕೂತಿದ್ದನ್ನು ನಾನು ಈ ಜನ್ಮದಲ್ಲಿ ನೋಡಿಲ್ಲ. ತಲೆ ತುಸು ಮುಂದಕ್ಕೆ ಬಾಗಿತ್ತು.

"ಏನೂಂದ್ರೆ?" ಎಂದೆ.

"ಏನೂಂದ್ರೆ!"

ಕೈಯಲ್ಲಿದ್ದ ಸೌದೆ ಎಲ್ಲಿ ಬಿತ್ತೋ ಗೊತ್ತಿಲ್ಲ. ಓಡಿಹೋಗಿ ಭುಜ ಹಿಡಿದು ಅಲ್ಲಾಡಿಸಿದೆ.

ಕಣ್ಣು ಬಿಟ್ಟರು. ಮುಖದಲ್ಲಿ ಅದೇ ಹಳೇ ಸಿಡುಕು. "ಥೂ, ಒಂಬತ್ತಕ್ಕೆ ಬಂದಿದ್ದೆ ಕಣೇ! ಶಿಬಿರದಲ್ಲಿ ಮೂರು ದಾಟಿರ್ನಿಲ್ಲ. ತಪ್ಪಿಸ್ಬುಟ್ಟೆ. ಇನ್ ಮತ್ತೆ ಒಂದರಿಂದ."

ನನಗೆ ನಗುವೂ ಬಂತು, ಹೊಡೆದುಬಿಡೋಣ ಎಂದೂ ಅನ್ನಿಸಿತು. ನೆಲದ ಮೇಲೆಯೇ ಕೂತು ಸೆರಗಿನಿಂದ ಕಣ್ಣು ಒರೆಸಿಕೊಂಡೆ.

"ಎಣಿಸ್ರೀ" ಎಂದೆ. "ಮನಸ್ನಲ್ಲಿ ಬ್ಯಾಡ. ಬಾಯ್ಬಿಟ್ಟು, ಜೋರಾಗಿ ಎಣಿಸಿ. ನಂಗೂ ಕೇಳ್ಲಿ."

ನನ್ನ ಮುಖ ನೋಡಿದರು. ಗೋಡೆಗೆ ತಿರುಗಿ, ಮಗ್ಗಿ ಒಪ್ಪಿಸುವವರ ಹಾಗೆ ಗಟ್ಟಿಯಾಗಿ ಶುರು ಮಾಡಿದರು.

"ಒಂದು... ಎರಡು... ಮೂರು..."

ನಾನು ಒಲೆಗೆ ಹೋಗಿ ಕೆಂಡ ಸರಿಮಾಡಿದೆ.

"ನಾಕು... ಐದು... ಲೇ, ಸೌದೆ ಹಾಕ್ದಾ?"

"ಹಾಕ್ದೆ. ಮೊದ್ಲಿಂದ ಎಣಿಸಿ."

"ಒಂದು" ಎಂದರು.