ಜೋಡಿ ಗುಲಾಬಿ

ರಿಚರ್ಡ್‌ಸನ್ ಊರಿನ ಅಂಗಡಿಯಲ್ಲಿ ಒಂದು ಗುಲಾಬಿಗೆ ನಾಲ್ಕು ಡಾಲರ್, ಎರಡು ಕೊಂಡರೆ ಏಳು, ಡಜನ್ನಿಗೆ ಇಪ್ಪತ್ತೆಂಟು. ಇಂದುಮತಿ ಹೂವಿನ ಬಕೆಟ್ಟಿನ ಮುಂದೆ ನಿಂತು ಹತ್ತಿರದ ಯೂಲೆಸ್ ಊರಿನಲ್ಲಿದ್ದ, ಪರಿಚಯದ ಹಿರಿಯರಾದ ಶಾರದಮ್ಮನಿಗೆ ಫೋನ್ ಮಾಡಿದಳು.

"ಒಂದು ಗುಲಾಬಿ ಸಾಕಲ್ವಾ ಆಂಟಿ? ಎರಡಾದ್ರೆ ಮೂರು ಡಾಲರ್ ಜಾಸ್ತಿ. ಬರ್ತ್‌ಡೇ ಅಷ್ಟೇ."

"ಗಂಡ ಇರೋ ಹೆಂಗಸಿಗೆ ಒಂಟಿ ಹೂ ಕೊಡ್ತಾರೇನೇ? ಬಾಳೆಹಣ್ಣೇ ಒಂದು ಕೊಡಲ್ಲ ನಾವು. ಮೂರು ಡಾಲರಿಗೆ ಜಿಪುಣತನ ಮಾಡ್ಬೇಡ, ಜೋಡಿ ತಗೋ."

"ಜಿಪುಣತನ ನಿಮ್ಮ ಹತ್ರ ಕಲಿತದ್ದೇ," ಎಂದು ನಕ್ಕು ಇಂದುಮತಿ ಎರಡು ಕೆಂಪು ಗುಲಾಬಿ ಆರಿಸಿದಳು.

ಹೂವು ಪಕ್ಕದ ಮನೆಯ ಹಲೀನಾಳಿಗೆ. ಉಕ್ರೇನಿನ ಬಟ್ಟಬಯಲಿನಲ್ಲಿ ರೈಲಿಗಾಗಿಯೇ ಹುಟ್ಟಿಕೊಂಡ ಪುಟ್ಟ ಊರು ಅವಳದು: ಒಂದು ಸ್ಟೇಷನ್, ಒಂದು ನೀರಿನ ಟ್ಯಾಂಕು, ರೈಲ್ವೆಯವರ ನಲವತ್ತು ಮನೆ, ಆಚೆಗೆ ಕಣ್ಣು ಹಾಯುವಷ್ಟೂ ಸೂರ್ಯಕಾಂತಿ. ಅಲ್ಲಿ ಇಪ್ಪತ್ತೆರಡು ವರ್ಷ ಲೆವೆಲ್ ಕ್ರಾಸಿಂಗಿನ ಗೇಟು ಕಾದವಳು. ಯುದ್ಧ ಶುರುವಾದ ಮೇಲೆ ಅವಳು ಇಲ್ಲಿಗೆ ಬಂದಳು. ಗಂಡ ಮಿಕೋಲಾ ಹಳಿ ರಿಪೇರಿಯ ಗ್ಯಾಂಗಿನಲ್ಲಿ ಅಲ್ಲೇ ಉಳಿದ.

ಗಂಡ ಚಂದ್ರಮೋಹನ ತೀರಿಕೊಂಡ ಮೇಲೆ ಇಂದುಮತಿ ಎರಡು ವರ್ಷ ಲ್ಯಾಬಿನ ಕೆಲಸ ಮುಗಿಸಿ ಬಂದು ಗೋಡೆ ನೋಡುತ್ತ ಉಂಡವಳು. ಗಂಡನಿಲ್ಲದ ಮನೆ ಹೇಗಿರುತ್ತದೆಂದು ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಹಲೀನಾ ಬಂದಮೇಲೆ ಸಂಜೆ ಹಗುರಾಯಿತು. ಇಬ್ಬರೂ ಫ್ಲಾಸ್ಕಿನಲ್ಲಿ ಚಹಾ ಹಿಡಿದು ಹಳಿಯ ಪಕ್ಕದ ಬೆಂಚಿಗೆ ಹೋಗುವರು. ಟ್ರೈನು ಬಂದಾಗಲೆಲ್ಲ ಹಲೀನಾ ಎದ್ದು ನಿಲ್ಲುವಳು. ಗೇಟು ಕಾಯುವವರ ರೂಢಿ ಅದು. ಹರಕುಮುರುಕು ಇಂಗ್ಲಿಷು, ಉಳಿದದ್ದಕ್ಕೆ ಫೋನಿನ ಅನುವಾದ. ಮಾತು ಕಡಿಮೆಯಾದರೂ ಜೊತೆ ಜೊತೆಯೇ.

ಈಗ ಹನ್ನೊಂದು ದಿನದಿಂದ ಮಿಕೋಲಾನ ಫೋನ್ ಬಂದಿರಲಿಲ್ಲ. ಹುಟ್ಟಿದ ದಿನವಾದರೂ ಅವಳ ಮುಖ ಅರಳಲಿ ಎಂದೇ ಈ ಹೂವು.

ಬಾಗಿಲು ತೆರೆದ ಹಲೀನಾ ಮೊದಲು ನಕ್ಕಳು. ಆಮೇಲೆ ಹೂವು ನೋಡಿದಳು. ಎಣಿಸಿದಂತೆ ತುಟಿ ಅಲುಗಿತು. ಮುಖ ಬಿಳಿಚಿಕೊಂಡಿತು.

"ನಿನಗೆ ಯಾರು ಹೇಳಿದರು?"

"ಏನನ್ನ?"

"ಮಿಕೋಲಾನ ವಿಷಯ."

ಇಂದುಮತಿ ಬಾಯಿ ತೆರೆಯುವ ಮೊದಲೇ ಅವಳು ಹೊಸ್ತಿಲ ಮೇಲೆ ಕುಸಿದು ಕೂತಳು. ಫೋನಿನಲ್ಲಿ ಬೆರಳಾಡಿಸಿ ತೋರಿಸಿದಳು: ನಮ್ಮಲ್ಲಿ ಬದುಕಿರುವವರಿಗೆ ಒಂದು, ಮೂರು, ಐದು. ಎರಡು ಹೂವು ಸತ್ತವರ ಮನೆಗೆ.

"ನಮ್ಮಲ್ಲಿ ಜೋಡೀನೇ ಶುಭ, ಹಲೀನಾ. ನನಗೆ ಯಾರೂ ಏನೂ ಹೇಳಿಲ್ಲ." ಇಂದುಮತಿ ಒಂದು ಹೂವನ್ನು ಅವಸರದಲ್ಲಿ ಬೆನ್ನ ಹಿಂದೆ ಅಡಗಿಸಿದಳು.

"ಗೊತ್ತಿಲ್ಲದವರ ಕೈಯಲ್ಲೇ ಶಕುನ ಬರುವುದು," ಎಂದು ಹಲೀನಾ ಎದ್ದು ಬಾಗಿಲು ಹಾಕಿಕೊಂಡಳು.

ನಾಲ್ಕನೆಯ ದಿನ ಮಿಕೋಲಾ ಫೋನ್ ಮಾಡಿದ. ಊರಿಗೆ ಕರೆಂಟಿರಲಿಲ್ಲ, ಅಷ್ಟೇ. ಗೋಡೆಯಾಚೆ ಅಳುವೂ ನಗುವೂ ಒಟ್ಟಿಗೇ ಕೇಳಿಸಿತು. ಇಂದುಮತಿ ಫ್ಲಾಸ್ಕು ಹಿಡಿದು ಹೋದಳು. ಹಲೀನಾ ಅವಳನ್ನು ಬಿಗಿಯಾಗಿ ಅಪ್ಪಿಕೊಂಡಳು.

"ನಿನ್ನ ತಪ್ಪಿಲ್ಲ."

"ಹಾಗಾದ್ರೆ ಬಾ, ಬೆಂಚಿಗೆ ಹೋಗೋಣ."

ಹಲೀನಾ ಬೇಡವೆಂದು ತಲೆಯಾಡಿಸಿದಳು. "ನಾಲ್ಕು ದಿನ ನಾನು ವಿಧವೆಯಾಗಿದ್ದೆ. ನಿನ್ನ ಮುಖ ನೋಡಿದರೆ ಆ ಎರಡು ಹೂವೇ ಕಾಣುತ್ತದೆ. ಅವನು ಬರಲಿ. ಆಮೇಲೆ ನೋಡೋಣ."

ಸುದ್ದಿ ಕೇಳಿ ಶಾರದಮ್ಮ, "ನಂದೇ ತಪ್ಪು ಕಣೇ," ಎಂದರು.

"ಯಾರದೂ ಅಲ್ಲ ಬಿಡಿ ಆಂಟಿ. ಒಳ್ಳೇದಾಗ್ಲಿ ಅಂತ ತಾನೇ ಹೇಳಿದ್ರಿ."

ಯುದ್ಧ ಮುಗಿದಿಲ್ಲ, ಮಿಕೋಲಾ ಬಂದಿಲ್ಲ. ಆದರೆ ಭಾನುವಾರ ತಪ್ಪದೆ ಫೋನ್ ಬರುತ್ತದೆ. ಹಲೀನಾಳಿಗೆ ಗಂಡ ಉಳಿದ. ಇಂದುಮತಿಗೆ ಇದ್ದ ಒಬ್ಬ ಗೆಳತಿ ಹೋದಳು.