ಇಂಗ್ಲಿಷಿನಲ್ಲಿ ಐವತ್ತು

ಮಹಾರಾಷ್ಟ್ರದ ಗಡಿಯೂರು ನಾಗಣಸೂರದ ಧರ್ಮರಾಜನಿಗೆ ಇಪ್ಪತ್ತಾರು ತುಂಬಿತ್ತು. ಎಲೆಕ್ಟ್ರಿಕಲ್ ಡಿಪ್ಲೊಮಾ ಮುಗಿಸಿ, ನೇರವಾಗಿ ಡಿಗ್ರಿಯ ಎರಡನೆಯ ವರ್ಷಕ್ಕೆ ಸೇರಿ, ಅದನ್ನೂ ಒಳ್ಳೆಯ ಅಂಕಗಳಲ್ಲಿ ಪಾಸು ಮಾಡಿದ್ದ. ಸೋಲಾಪುರದ ಹತ್ತಿರ ಚಿಂಚೋಳಿ ಕೈಗಾರಿಕಾ ವಸಾಹತಿನ ಒಂದು ಕಾರ್ಖಾನೆಯಲ್ಲಿ ಮೋಟಾರು, ಜನರೇಟರುಗಳೆಲ್ಲ ಅವನ ಸುಪರ್ದಿಯಲ್ಲಿದ್ದವು. ಹಿಂದೆ ಹಡಗಿನಲ್ಲಿ ದುಡಿದಿದ್ದ ಹಿರಿಯ ಮೆಕ್ಯಾನಿಕ್ ಒಬ್ಬರು ಒಮ್ಮೆ ಅಲ್ಲಿಗೆ ಬಂದವರು ಅವನ ಕೈಚಳಕ ನೋಡಿ, "ಹಡಗಿಗೂ ಒಬ್ಬ ಎಲೆಕ್ಟ್ರಿಕಲ್ ಆಫೀಸರ್ ಬೇಕಾಗ್ತಾನ. ನೀ ಯಾಕ ನೋಡಬಾರದು?" ಎಂದಿದ್ದರು. ಅಂದಿನಿಂದ ಅವನಿಗೆ ಅದೇ ಗುಂಗು.

ಹಡಗಿನ ಕೆಲಸ ಕಲಿಸುವ ಪುಣೆಯ ತರಬೇತಿ ಸಂಸ್ಥೆಯೊಂದಕ್ಕೆ ಕಾಗದಪತ್ರ ಕಳಿಸಿದ. ವಾರ ಕಳೆದು ಫೋನು ಬಂತು. ಡಿಗ್ರಿ ಸರಿಯಿದೆ, ವಯಸ್ಸು ಸರಿಯಿದೆ, ಕಣ್ಣಿನ ರಿಪೋರ್ಟೂ ಸರಿಯಿದೆ, ಕೆಂಪು ಹಸಿರು ಚೆನ್ನಾಗಿ ಗುರುತಿಸುತ್ತೀರಿ. ಆದರೆ ಹತ್ತನೆಯ ತರಗತಿಯ ಇಂಗ್ಲಿಷಿನಲ್ಲಿ ನಲವತ್ತೊಂದು ಇದೆಯಲ್ಲ? ಐವತ್ತು ಬೇಕು. ಹನ್ನೆರಡನೆಯದರಲ್ಲಿದ್ದರೂ ನಡೆಯುತ್ತದೆ. ಧರ್ಮರಾಜ ಡಿಪ್ಲೊಮಾದ ದಾರಿ ಹಿಡಿದವನು; ಹನ್ನೆರಡನೆಯದರ ಪುಸ್ತಕವನ್ನೇ ಮುಟ್ಟಿರಲಿಲ್ಲ.

ಆ ಸಂಜೆ ಸೋದರತ್ತೆ ದ್ರೌಪದಿ ಮೊಸರು ಕೊಡಲು ಬಂದಳು. ಅವಳ ಮನೆ ಪಕ್ಕದ ಓಣಿಯಲ್ಲಿ. ಊರ ಅಂಗನವಾಡಿಯಲ್ಲಿ ಸಹಾಯಕಿಯಾಗಿ ಹದಿನೈದು ವರ್ಷ ಕಳೆದಿದ್ದಳು.

"ಯಾಕೋ ಧರ್ಮಾ, ಮಾರಿ ಸಣ್ಣ ಮಾಡ್ಕೊಂಡ ಕುಂತೀದಿ?"

ಅವನು ಎಲ್ಲ ಹೇಳಿದ. ಅತ್ತೆ ಹೊಟ್ಟೆ ಹಿಡಿದುಕೊಂಡು ನಕ್ಕಳು.

"ನಂದೂ ಅದ ಗತಿ ಐತಿ. ಸಹಾಯಕಿ ಇದ್ದಾಕಿ ಸೇವಿಕಾ, ಅಂದ್ರ ಅಂಗನವಾಡಿ ಟೀಚರ ಆಗಬೇಕಂದ್ರ ಹನ್ನೆರಡನೇದು ಪಾಸ ಬೇಕು. ಎಲ್ಲಾ ವಿಷಯ ಆಗ್ಯಾವ, ಇಂಗ್ಲಿಷ್ ಒಂದ ಉಳದೈತಿ. ಮುಕ್ತ ಶಾಲಾದ ಫಾರ್ಮ್ ತುಂಬಾಕತ್ತೀನಿ. ನೀನೂ ಒಂದ ತುಂಬು."

"ಅತ್ತಿ, ನಾ ಇಂಜಿನಿಯರ ಇದ್ದೀನಿ. ಮಂದಿ ನಗ್ತಾರ."

"ನಾನೂ ಈಗ ನಕ್ಕೆ. ಏನಾತು ನಿನಗ?"

ಇಬ್ಬರೂ ಫಾರ್ಮ್ ತುಂಬಿದರು. ಅವನ ಪಾಳಿ ಮುಗಿದ ಸಂಜೆಗಳಲ್ಲಿ ಅತ್ತೆಯ ಅಡುಗೆಮನೆಯೇ ಪಾಠಶಾಲೆಯಾಯಿತು. ಅತ್ತೆ ಹಾಕಿದ ನಿಯಮ ಒಂದೇ: ಕೊನೆಯ ರೊಟ್ಟಿ ಬೇಯುವವರೆಗೆ ಇಂಗ್ಲಿಷ್ ಬಿಟ್ಟು ಬೇರೆ ಮಾತಿಲ್ಲ. ಅವಳಿಗೆ ಅಂಜಿಕೆ ಎಂಬುದೇ ಇರಲಿಲ್ಲ. "ರೊಟ್ಟಿ ಈಸ್ ಹಾಟ್, ಯು ಈಟ್ ಫಾಸ್ಟ್!" ಎಂದು ಬಡಿಸುತ್ತಿದ್ದಳು. ಧರ್ಮರಾಜನಿಗೆ ವ್ಯಾಕರಣ ಅವಳಿಗಿಂತ ಚೆನ್ನಾಗಿ ಗೊತ್ತು, ಆದರೆ ನಾಲಿಗೆ ಏಳುತ್ತಿರಲಿಲ್ಲ. ಒಂದು ವಾಕ್ಯವನ್ನು ಮನಸ್ಸಿನಲ್ಲೇ ಕನ್ನಡದಲ್ಲಿ ಕಟ್ಟಿ, ಮಗುಚಿ, ತಪ್ಪು ಹುಡುಕುವಷ್ಟರಲ್ಲಿ ಅತ್ತೆ ಎಮ್ಮೆಯ ವಿಷಯ ಮುಗಿಸಿ ಎಲೆಕ್ಷನ್ನಿಗೆ ಬಂದಿರುತ್ತಿದ್ದಳು.

ಕೊನೆಗೆ ಒಂದು ದಿನ ಅವಳೇ ನಿಯಮ ಮುರಿದಳು. "ಮೊದಲ ಆಡು, ಆಮ್ಯಾಲ ನೆಟ್ಟಗ ಮಾಡು. ಅಂಗನವಾಡ್ಯಾಗ ಕೂಸುಗೋಳು ಹಂಗ ಮಾತ ಕಲೀತಾವ, ದಿನಾ ನೋಡ್ತೀನಿ. ನಿನಗ ಏನ ಸೇರತೈತಿ ಅದನ್ನ ಹೇಳು. ಆ ಬಾವ್ಯಾಗಿನ ಮೋಟರ ಹೆಂಗ ತಿರಗತೈತಿ?"

ಅವನು ತಡವರಿಸುತ್ತಲೇ ಶುರು ಮಾಡಿದ. ತಂತಿ ಮೂರು, ಒಂದರ ಹಿಂದೆ ಒಂದು ಸರದಿ, ಅದು ತಳ್ಳುವುದು, ಇದು ಎಳೆಯುವುದು. ಅತ್ತೆ ನಡುನಡುವೆ "ವೈ? ವೈ?" ಎಂದು ಕೆದಕುತ್ತಿದ್ದಳು. ಲಟ್ಟಣಿಗೆಯನ್ನೇ ಮೋಟಾರಿನ ನಡುದಿಂಡು ಮಾಡಿ ತಿರುಗಿಸಿ ತೋರಿಸುತ್ತ ಅವನು ಕಾಲು ಗಂಟೆ ಇಂಗ್ಲಿಷಿನಲ್ಲೇ ಮಾತಾಡಿದ್ದ. ಹೆಂಚಿನ ಮೇಲಿನ ರೊಟ್ಟಿ ಕರಿಕಾಗಿತ್ತು. ಇಬ್ಬರಿಗೂ ಅದರ ಪರಿವೆಯೇ ಇರಲಿಲ್ಲ.

ಪರೀಕ್ಷೆ ಸೋಲಾಪುರದಲ್ಲಿ. ಶಾಲೆಯ ಬಾಗಿಲಲ್ಲಿ ಕಾವಲುಗಾರ ಅತ್ತೆಯನ್ನು ತಡೆದು ಮರಾಠಿಯಲ್ಲಿ, ಮಗನನ್ನು ಒಳಗೆ ಬಿಡಿ, ಪಾಲಕರು ಹೊರಗೆ ಕೂಡಬೇಕು ಎಂದ. ಅತ್ತೆ ಸೀರೆಯ ಸೆರಗಿನಿಂದ ಹಾಲ್‌ಟಿಕೆಟ್ ತೆಗೆದು ಅವನ ಮೂಗಿನ ಮುಂದೆ ಹಿಡಿದಳು. ಕಾವಲುಗಾರ ಇಬ್ಬರ ಮುಖವನ್ನೂ ಸರದಿಯಂತೆ ನೋಡಿ ಎದ್ದು ನಿಂತು ದಾರಿ ಬಿಟ್ಟ.

ಪ್ರಶ್ನೆಪತ್ರಿಕೆಯಲ್ಲಿ ಕೆಲಸಕ್ಕೆ ಅರ್ಜಿ ಬರೆಯಿರಿ ಎಂದಿತ್ತು. ಧರ್ಮರಾಜ ದೊಡ್ಡ ಮಾತುಗಳಿಗಾಗಿ ಹುಡುಕಲಿಲ್ಲ. ತನಗೇನು ಬರುತ್ತದೆ, ಎಲ್ಲಿ ಕಲಿತೆ, ಹಡಗಿನಲ್ಲಿ ಏಕೆ ದುಡಿಯಬೇಕು ಎಂಬುದನ್ನು ಸಣ್ಣ ಸಣ್ಣ ವಾಕ್ಯಗಳಲ್ಲಿ ಬರೆದು, ಉಳಿದ ಹೊತ್ತಿನಲ್ಲಿ ತಿದ್ದಿದ.

ಫಲಿತಾಂಶ ಬಂದಾಗ ಅವನಿಗೆ ಐವತ್ತೆಂಟು, ಅತ್ತೆಗೆ ಅರವತ್ತಮೂರು. ಓಣಿಗೆಲ್ಲ ಪೇಢೆ ಹಂಚಿದ ಅತ್ತೆ, "ನಮ್ಮ ಇಂಜಿನಿಯರಗ ನಾನ ಟ್ಯೂಷನ್ ಹೇಳೀನಿ" ಎಂದು ಮನೆಮನೆಗೂ ಸಾರಿದಳು. ಧರ್ಮರಾಜ ಅಲ್ಲಗಳೆಯಲಿಲ್ಲ. ಮಂದಿ ನಕ್ಕರು; ಅವನೂ ಜೊತೆಗೂಡಿ ನಕ್ಕ.

ಪುಣೆಯ ಸಂಸ್ಥೆ ಅವನನ್ನು ಬರಹೇಳಿದ ದಿನವೇ ಅತ್ತೆಗೂ ಅಕ್ಕಲಕೋಟದ ಅಂಗನವಾಡಿ ಕಚೇರಿಗೆ ಬರಲು ಹೇಳಿದ್ದರು. ಇಬ್ಬರೂ ಒಂದೇ ಬಸ್ಸು ಹತ್ತಿದರು.

"ಇನ್ನ ಏನೇನ ಉಳದಾವ ನಿಂದು?"

"ನಾಕ ತಿಂಗಳ ಕೋರ್ಸು. ಬೆಂಕಿ ಆರಸೋದು, ನೀರಾಗ ಜೀವ ಉಳಿಸಿಕೊಳ್ಳೋದು ಕಲಿಸ್ತಾರ. ಆಮ್ಯಾಲ ಹಡಗಿನ್ಯಾಗ ಹಿರೇರ ಕೈಕೆಳಗ ದುಡೀಬೇಕು, ಮತ್ತ ಸರಕಾರದ ಪರೀಕ್ಷಾ."

"ಅಬ್ಬಾ! ನಂದ ಅಗದೀ ಸಸಾರ ಆತಲ್ಲೋ," ಎಂದು ಅತ್ತೆ ಅಕ್ಕಲಕೋಟದಲ್ಲಿ ಇಳಿದುಹೋದಳು.

ಸೋಲಾಪುರದಲ್ಲಿ ಅವನು ಹತ್ತಿದ ರೈಲು ಕುರ್ಡುವಾಡಿ ದಾಟುವಷ್ಟರಲ್ಲಿ ಫೋನು ಮೊಳಗಿತು. ಸುತ್ತಲಿನವರಿಗೂ ಕೇಳುವಂತೆ ಅತ್ತೆ ಕೂಗುತ್ತಿದ್ದಳು: "ಧರ್ಮಾ, ಐ ಆ್ಯಮ್ ಸೇವಿಕಾ!"

"ಕಂಗ್ರಾಜುಲೇಷನ್ಸ್, ಮೇಡಂ," ಎಂದ ಧರ್ಮರಾಜ, ಒಂದು ಕ್ಷಣವೂ ಯೋಚಿಸದೆ.