ಎರಡು ಬೆರಳಿಲ್ಲದ ಬೇಕರಿಯವನು

ಹದಿನಾಲ್ಕು ವರ್ಷ ಇಂಗ್ಲಿಷ್ ದಿನಪತ್ರಿಕೆಯೊಂದಕ್ಕೆ ಪರದೇಶಗಳ ಯುದ್ಧದ ವರದಿ ಬರೆದೆ. ಪತ್ರಿಕೆಯವರು ವಿದೇಶ ವಿಭಾಗಕ್ಕೆ ಬಾಗಿಲು ಹಾಕಿದ ಮೇಲೆ ಹೊಟ್ಟೆಪಾಡಿಗೆ ಮಾಸಪತ್ರಿಕೆಯೊಂದಕ್ಕೆ ಪ್ರವಾಸ ಲೇಖನ ಬರೆಯುತ್ತಿದ್ದೇನೆ. ಈಗ ನನ್ನ ತನಿಖೆಯೆಲ್ಲ ದಿಂಬು ಮೆತ್ತಗಿದೆಯೇ, ಕಿಟಕಿಯಿಂದ ಸಮುದ್ರ ಕಾಣುತ್ತದೆಯೇ ಎಂಬುದಷ್ಟೇ. ನಗುವವರು ನಗಲಿ.

ಹೋದ ತಿಂಗಳು ಮಾಸಪತ್ರಿಕೆಯ ಸಂಪಾದಕಿ ಕಳಿಸಿದ್ದು ಹಿಂದೊಮ್ಮೆ ನಾನು ಯುದ್ಧದ ವರದಿ ಮಾಡಿದ್ದ ಊರಿಗೇ. ಗಡಿಯಾರದ ಕಂಬದೆದುರಿನ ಹಳೆಯ ಬೇಕರಿಯ ಮಹಡಿ ಈಗ ನಾಲ್ಕು ಕೋಣೆಯ ವಸತಿಗೃಹ. ಬೆಳಿಗ್ಗೆ ಬಿಸಿ ಬ್ರೆಡ್ಡು ತಂದಿಟ್ಟ ಒಡತಿ ನನ್ನ ಮುಖವನ್ನೇ ನೋಡಿದಳು. ಒಳಗೆ ಹೋಗಿ, ಮಡಚಿದಲ್ಲಿ ಹರಿದಿದ್ದ ಪತ್ರಿಕೆಯ ತುಣುಕೊಂದನ್ನು ತಂದು ತಟ್ಟೆಯ ಪಕ್ಕ ಇಟ್ಟಳು. ನನ್ನದೇ ವರದಿ, ನನ್ನದೇ ಫೋಟೊ.

ಸೈನಿಕರು ಶಾಲೆಯ ಹಿಂದೆ ಹೆಣಗಳನ್ನು ಹೂಳಿದ್ದನ್ನು ಕಂಡವನು ಅವಳ ಅಣ್ಣ, ಈ ಬೇಕರಿಯವನು. ನನಗೆ ಹೇಳಿದವನೂ ಅವನೇ. ಜೀವಕ್ಕೆ ಕುತ್ತು ಬರಬಾರದೆಂದು ಹೆಸರು ಬಿಟ್ಟಿದ್ದೆ. ಆದರೆ ವರದಿಗೆ ಬಣ್ಣ ತುಂಬುವ ಚಟ ನನ್ನದು. ‘ಎಡಗೈಯಲ್ಲಿ ಎರಡು ಬೆರಳಿಲ್ಲದ, ಗಡಿಯಾರದೆದುರಿನ ಬೇಕರಿಯವನು’ ಎಂದು ಬರೆದಿದ್ದೆ. ಆ ಸಾಲಿಗೆ ಕಚೇರಿಯಲ್ಲಿ ಬೆನ್ನು ತಟ್ಟಿಸಿಕೊಂಡಿದ್ದೆ ಕೂಡ.

“ಈ ಊರಲ್ಲಿ ಎರಡು ಬೆರಳಿಲ್ಲದ ಬೇಕರಿಯವ್ರು ಎಷ್ಟು ಜನ ಇದ್ರು ಸರ್?” ಅಂದಳು. “ಇದು ಅಚ್ಚಾದ ಮೂರನೇ ದಿನ ಸೈನಿಕರು ಬಂದು ಕರ್ಕೊಂಡು ಹೋದ್ರು. ಹಿಟ್ಟಿನ ಕೈ ತೊಳ್ಕೊಳ್ಳೋಕೂ ಬಿಡ್ಲಿಲ್ಲ.”

ಹನ್ನೊಂದು ವರ್ಷ ಇದು ನನಗೆ ಗೊತ್ತೇ ಇರಲಿಲ್ಲ; ಅವನೇನಾದ ಎಂದು ವಿಚಾರಿಸುವ ಗೋಜಿಗೂ ಹೋಗಿರಲಿಲ್ಲ, ಪಾಪಿ.

“ನನ್ನಿಂದ ಏನಾಗ್ಬೇಕು, ಹೇಳಮ್ಮ.”

“ಹೆಣ ಸಿಕ್ಲಿಲ್ಲ, ಸಮಾಧಿ ಇಲ್ಲ. ಯುದ್ಧದಲ್ಲಿ ಸತ್ತವ್ರ ಸರ್ಕಾರಿ ಪಟ್ಟೀಲೂ ಅಣ್ಣ ಇಲ್ಲ. ಈಗ ಯಾರ ಭಯಾನೂ ಇಲ್ವಲ್ಲ, ಈ ಸಲ ಅವನ ಹೆಸ್ರು ಬರೀರಿ. ಒಂದೇ ಒಂದು ಸಲ ಅಚ್ಚಲ್ಲಿ ಬರ್ಲಿ.”

ಮಾತು ಕೊಟ್ಟೆ. ಲೇಖನದ ಮೊದಲ ಸಾಲಲ್ಲೇ ಅವನ ಹೆಸರಿಟ್ಟೆ.

ಸಂಪಾದಕಿ ಫೋನ್ ಮಾಡಿದರು. “ಇದನ್ನ ಓದೋರು ರಜೆಗೆ ಹೋಗೋರು. ಸತ್ತವ್ರ ಹೆಸರೆಲ್ಲ ಯಾಕೆ? ಅದನ್ನ ತೆಗೀಲಾ, ಇಲ್ಲ ಲೇಖನಾನೇ ಕೈಬಿಡ್ಲಾ?”

ಕೈಬಿಡಿ ಎನ್ನಬಹುದಿತ್ತು. ಗುಂಡುಗಳ ನಡುವೆ ಓಡಾಡಿದ ಮಹಾಶೂರ ನಾನು. ಮುಂದಿನ ಕೆಲಸ ಕೈತಪ್ಪೀತೆಂದು ಹೆದರಿ, “ತೆಗೀರಿ” ಅಂದೆ.

ನಿನ್ನೆ ಸಂಚಿಕೆ ಬಂತು. ಗಡಿಯಾರದ ಕಂಬವಿದೆ, ಬಿಸಿ ಬ್ರೆಡ್ಡಿದೆ, ಬೇಕರಿಗೆ ಹೋಗುವ ದಾರಿಯೂ ಇದೆ. ಲೇಖನದಲ್ಲಿ ಬಂದ ವಸತಿಗೃಹಕ್ಕೊಂದು ಪ್ರತಿ ಕಳಿಸುವುದು ಮಾಸಪತ್ರಿಕೆಯ ರೂಢಿ. ಅದು ಆಗಲೇ ಅಂಚೆಗೆ ಬಿದ್ದಿದೆ. ಅವಳು ಅಂಗಡಿಯಲ್ಲಿ ನಿಂತು, ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೂ ಅಣ್ಣನ ಹೆಸರು ಹುಡುಕುತ್ತಾಳೆ.